ನಾಲ್ಕನೆಯ ಮೂಲೆ

ಮುಂಡರಗಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕೌದಿಯನ್ನು ಬೆಟಗೇರಿಯ ಅಂಗಡಿಯಲ್ಲಿ ಹರವಿದೆ. ಅಂಗಡಿಯ ವನಿತಾ ಮೇಡಂ ಕಣ್ಣಿಗೆ ಬಿದ್ದದ್ದು ನನ್ನ ಇಪ್ಪತ್ತೆರಡು ದಿನದ ಕೈಹೊಲಿಗೆಯಲ್ಲ, ಒಂದು ಗೇಣಿನಷ್ಟು ಬಾಯಿಬಿಟ್ಟಿದ್ದ ಮೂಲೆ.

“ಮಮತಾ, ಇಲ್ಲಿ ಹೊಲಿಯೂದು ಮರತಿಯಲ್ಲ?”

“ಮರತಿಲ್ರಿ. ಮಾತಾಡಿದ ರೊಕ್ಕ ಕೊಡ್ರಿ, ಮುಚ್ಚತೀನಿ.”

ಮಾತಾಡಿದ್ದು ಎರಡು ಸಾವಿರ. ಈಗ ಅವರು ರಾಗ ಎಳೆದದ್ದು ಹನ್ನೆರಡು ನೂರಕ್ಕೆ. ಹಾಕಿದ್ದು ಬರೀ ಹಳೆ ಸೀರೆಯ ತುಂಡುಗಳಂತೆ, ಮನೆಯಲ್ಲಿ ಕೂತು ಮಾಡುವ ಕೆಲಸವಂತೆ. ಮನೆಯಲ್ಲಿ ಕೂತರೆ ಸೂಜಿ ಚುಚ್ಚುವುದಿಲ್ಲವೇನೋ. ಹಿಂದಿನ ಎರಡು ಕೌದಿಗೆ ನಾನೂ ಹೂಂ ಅಂದು ಬಂದಿದ್ದೆ.

ನಮ್ಮಾಯಿ, ಅಂದರೆ ಅಜ್ಜಿ ದೇವವ್ವ, ಹಮ್ಮಿಗಿಯಲ್ಲಿ ಮನೆಮನೆಗೆ ಹೋಗಿ ಕೌದಿ ಹೊಲಿಯುತ್ತಿದ್ದಳು. ಕಟ್ಟೆಯ ಮೇಲೆ ಕಾಲು ಚಾಚಿ ಕೂತಳೆಂದರೆ ಓಣಿಯ ಹೆಂಗಸರೆಲ್ಲ ಅಲ್ಲೇ. ಒಗೆದೊಗೆದು ಮೆತ್ತಗಾದ ಸೀರೆ ಮುಟ್ಟಿ, ಇದು ಮದುವೆಯದು, ಇದು ಬಾಣಂತನದ್ದು ಎಂದು ಹೇಳಿಬಿಡುತ್ತಿದ್ದಳು. ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಹಾಗೇ ಬಿಡುವುದು ಆಕೆಯ ಪದ್ಧತಿ. ಮನೆಯೊಡತಿ ಜೋಳ ಅಳೆದು ಕೊಟ್ಟು, ಎದುರು ಕೂತು ಅಂಚು ಹಿಡಿದ ಮೇಲೇ ಕೊನೆಯ ಹೊಲಿಗೆ. ಆಯಿಯ ಆ ಎಲೆ-ಅಡಿಕೆಯ ವಾಸನೆ ಈಗಲೂ ಬೇಕೆನಿಸುತ್ತದೆ.

ಒಮ್ಮೆ ಒಂದು ದೊಡ್ಡ ಮನೆಯಲ್ಲಿ ನಾಲ್ಕು ಸೇರಿನ ಮಾತಾಗಿ ಎರಡೇ ಸೇರು ತಂದರು. ಆಯಿ ಮೂಲೆ ಮುಚ್ಚದೆ ಸುಮ್ಮನೆ ಕೂತಳು. ಆ ಮನೆಯ ಹುಡುಗಿ ನನ್ನ ಜೊತೆ ಶಾಲೆಗೆ ಬರುವವಳು, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಚಿಕೆಯಿಂದ ನನ್ನ ಜೀವ ಹೋದಂತಾಯಿತು. “ಸಾಕೇಳ ಆಯಿ, ಹೋಗೂಣು” ಎಂದು ಸೆರಗು ಜಗ್ಗಿದೆ. ಆಕೆ ನನ್ನ ಮುಖ ನೋಡಿದಳು, ಮೂಲೆ ಮುಚ್ಚಿ ಎದ್ದಳು. ದಾರಿಯಲ್ಲಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ವನಿತಾ ಮೇಡಂ ಪಕ್ಕದ ಟೇಲರ್ ಲಾಡಸಾಬನನ್ನು ಕರೆದರು. “ಸಂಜಿಗೆ ಪಾರ್ಸಲ್ ಹೋಗಬೇಕ್ರಿ ಚಾಚಾ, ಇಲ್ಲೊಂದು ಹೊಲಿಗಿ ಹಾಕ್ರಿ.”

ಮುದುಕ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದ. “ನಮ್ಮ ಅಮ್ಮಾನೂ ಹಿಂಗ ಬಿಡತಿದ್ಲು. ಇದು ಮಷಿನ್ ಕೆಲಸ ಅಲ್ಲವ್ವಾ. ಹೊಲಿದಾಕೀನ ಮುಚ್ಚಬೇಕು.” ಅಷ್ಟು ಹೇಳಿ ತನ್ನ ಅಂಗಡಿಗೆ ಹೋದ.

ನಾನು ಕೌದಿ ತೊಡೆಯ ಮೇಲೆ ಎಳೆದುಕೊಂಡು ನೆಲದಲ್ಲಿ ಕೂತೆ. ಗಿರಾಕಿಗಳು ನನ್ನನ್ನು ದಾಟಿಕೊಂಡು ಹೋದರು, ಒಬ್ಬಾಕೆ ತಿರುತಿರುಗಿ ನೋಡಿದಳು. ಅದೇ ಹಳೇ ನಾಚಿಕೆ ಮುಖಕ್ಕೇರಿತು. ಆದರೂ ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ಮೇಡಂ ಎರಡು ಸಾವಿರ ತಂದು ಕೈಗಿಟ್ಟರು.

“ಏನ ಹಟಾನಬೇ ನಿಂದು. ಯಾರ ಕಲಿಸಿದ್ರು?”

“ನಮ್ಮಾಯಿರಿ. ಒಂದ ಸಲ ನಾನ ಆಕಿನ್ನ ಎಬ್ಬಿಸಿಕೊಂಡು ಬಂದಿದ್ನಿ.” ನೋಟು ಸೆರಗಿಗೆ ಕಟ್ಟಿ ಸೂಜಿ ತೆಗೆದೆ. “ಎದುರು ಕುಂಡ್ರಿ. ಅಂಚು ಹಿಡೀರಿ.”

ಅವರು ಸೀರೆ ಸಾವರಿಸಿಕೊಂಡು ಕೂತರು. ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಟ್ಟವರು ಅವರೇ.