ಕೈಲಾಸನ ಪೈಲ್ವಾನ

ಕೈಲಾಸನ ಪರಿಚಯವಾಗುವ ಮೊದಲೇ ಅವನ ಚಪ್ಪಲಿಗಳ ಪರಿಚಯ ನನಗಾಯಿತು. ನಮ್ಮ ಸೀಮೆಯಲ್ಲಿ ಭೂಕಂಪವಾಗಿ ಆರನೆಯ ವರ್ಷದ ಶ್ರಾವಣವದು. ಕಾಲೇಜು ಬಿಟ್ಟು ಉದಗೀರಿನ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನಾನು ಊರಿಗೆ ಹೋಗುವ ವಲಾಂಡಿಯ ಬಸ್ಸು ಹೊರಟುಹೋಗಿತ್ತು. ಮಳೆ ಜೋರಾದದ್ದರಿಂದ ಹಿಂದಿನ ಓಣಿಯಲ್ಲಿದ್ದ ಕಾಶೆಪ್ಪನ ವಿಡಿಯೋ ಗೇಮ್ ಅಂಗಡಿಯೊಳಗೆ ನಿಂತುಕೊಂಡೆ. ಭೂಕಂಪದ ಅಂಜಿಕೆಗೆ ಹಳೆಯ ಮಣ್ಣಿನ ಮಾಳಿಗೆಯನ್ನು ಇಳಿಸಿ, ಊರಿನ ಎಲ್ಲರಂತೆ ತಗಡಿನ ಪತ್ರಾ ಹೊದಿಸಿದ್ದ ಆ ಕೋಣೆಯಲ್ಲಿ ಮಳೆಯ ಸದ್ದಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಮೂರು ಯಂತ್ರಗಳಿದ್ದವು. ಎರಡರ ಮುಂದೆ ಕೆಸರುಗಾಲಿನ ಗುಂಪು ನೂಕಾಡುತ್ತಿತ್ತು. ಬಾಗಿಲ ಹತ್ತಿರದ ಮೂರನೆಯದರ ಬುಡದಲ್ಲಿ ಒಂದು ಜೊತೆ ಚಪ್ಪಲಿ, ದೇವಸ್ಥಾನದ ಹೊರಗೆ ಬಿಟ್ಟಂತೆ, ಒಂದಕ್ಕೊಂದು ಒತ್ತಿ ಇಟ್ಟದ್ದು ಕಂಡಿತು. ಅದರ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದವನು ನನ್ನದೇ ವಯಸ್ಸಿನ, ಹಣೆಯ ತುಂಬ ವಿಭೂತಿಯ, ಅಂಗಿತೋಳಿನ ಗುಂಡಿಗಳನ್ನು ಮಣಿಕಟ್ಟಿನವರೆಗೂ ಹಾಕಿಕೊಂಡಿದ್ದ ತರುಣ. ಬಲಗೈಯ ಗುಂಡಿಯೊಂದನ್ನು ಮಾತ್ರ ಬಿಚ್ಚಿ, ಕರವಸ್ತ್ರದಿಂದ ಯಂತ್ರದ ಹಿಡಿಕೆಯನ್ನು ಒರೆಸಿ, ಆಮೇಲೆ ಆಟಕ್ಕೆ ಕೈಹಾಕಿದ.

ಈ ಬರಿಗಾಲಿನ ಕಾರಣ ನನಗೆ ಬಹಳ ದಿನದ ಮೇಲೆ ತಿಳಿಯಿತು. ಕಾಸಾರಶಿರಸಿಯಲ್ಲಿ ಅವನ ತಂದೆ ವಿಶ್ವನಾಥಪ್ಪನವರದು ಅರಿವೆ, ಕಿರಾಣಿ, ಕಾಳುಕಡಿಗಳ ದೊಡ್ಡ ಅಂಗಡಿ. ಅಂಥ ಮನೆಗಳಲ್ಲಿ ಮಕ್ಕಳಿಗೆ ನಡೆಯಲು ಬಂದಾಗಿನಿಂದ ಒಂದು ಪಾಠ: ಅಂಗಡಿಯ ಬಿಳಿ ಗಾದಿಯನ್ನು ಹತ್ತುವಾಗ ಚಪ್ಪಲಿ ಕೆಳಗಿರಬೇಕು. ಮನಸ್ಸಿಟ್ಟು ಮಾಡುವ ಕೆಲಸವೆಂದರೆ ಬರಿಗಾಲಿನಲ್ಲಿ ಮಾಡುವ ಕೆಲಸ ಎಂದು ಅವನ ಕಾಲುಗಳೇ ತಿಳಿದುಕೊಂಡಿದ್ದವು. ಕಾಲೇಜಿನ ಪರೀಕ್ಷೆಯನ್ನು ಅವನು ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದ ಎಂಬುದನ್ನೂ ಇಲ್ಲಿ ಹೇಳಬೇಕು.

ಆ ಯಂತ್ರದಲ್ಲಿದ್ದದ್ದು ಇಬ್ಬರು ಎದುರುಬದುರಾಗಿ ಹೊಡೆದಾಡುವ ಆಟ. ಆಡಲು ಎಂಟು ಜನ ವೀರರಿದ್ದರು. ಅವರ ಹೆಸರುಗಳು ಯಾವುದೋ ದೇಶದ ಲಿಪಿಯಲ್ಲಿದ್ದುದರಿಂದ ಉದಗೀರಿನವರು ತಾವೇ ನಾಮಕರಣ ಮಾಡಿದ್ದರು. ಕೋಲು ಹಿಡಿದು ದೂರದಿಂದ ಬಡಿಯುವ ಕನ್ನಡಕದವನು ಮಾಸ್ತರ, ಹಾರುವ ಹುಡುಗಿ ಪರಿ, ಟೋಪಿಯವನು ಫೌಜಿ. ಎಲ್ಲರಿಗಿಂತ ದಪ್ಪಗೆ, ನಿಧಾನವಾಗಿ, ಕೆಂಪು ಲಂಗೋಟಿಯಲ್ಲಿ ಹೆಜ್ಜೆಯಿಡುತ್ತ ಬರುವವನು ಪೈಲ್ವಾನ. ಒಬ್ಬರು ಆರಿಸಿಕೊಂಡವನನ್ನು ಎದುರಿನವರು ಆರಿಸಿಕೊಳ್ಳುವಂತಿರಲಿಲ್ಲ. ಪೈಲ್ವಾನನ ಮಟ್ಟಿಗೆ ಆ ನಿಯಮದ ಅಗತ್ಯವೇ ಬೀಳುತ್ತಿರಲಿಲ್ಲ, ಏಕೆಂದರೆ ಕೈಲಾಸನೊಬ್ಬನನ್ನು ಬಿಟ್ಟು ಅವನನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೈಲಾಸನಾದರೋ ಬೇರೆ ಯಾರನ್ನೂ ಮುಟ್ಟುತ್ತಿರಲಿಲ್ಲ.

ಅದಕ್ಕೂ ಒಂದು ಸಣ್ಣ ಕಾರಣವಿತ್ತು. ಅವನು ಮೊದಲ ಸಲ ಬಂದಾಗ ಯಂತ್ರದಲ್ಲಿ ಅವನ ಪಾಲಿಗೆ ಬಂದ ಎಡಭಾಗದ ಒದೆಯುವ ಗುಂಡಿ ಕೆಟ್ಟಿತ್ತು. ಕೋಲು ಬೀಸುವುದೂ ಆ ಗುಂಡಿಯಿಂದಲೇ ಆದ್ದರಿಂದ ಅದಿಲ್ಲದೆ ಮಾಸ್ತರನಿಲ್ಲ, ಪರಿಯಂತೂ ಇಲ್ಲವೇ ಇಲ್ಲ. ಕೈಯಿಂದಲೇ ಹಿಡಿದು, ಎತ್ತಿ, ಒಗೆಯುವ ಪೈಲ್ವಾನನೊಬ್ಬನೇ ಅಲ್ಲಿ ಉಪಯೋಗಕ್ಕೆ ಬರುವವನು. ಮುಂದೆ ಕಾಶೆಪ್ಪ ಲಾತೂರಿನಿಂದ ಮಿಸ್ತ್ರಿಯನ್ನು ಕರೆಸಿ ಗುಂಡಿಯನ್ನು ರಿಪೇರಿ ಮಾಡಿಸಿದ. ಕೈಲಾಸನ ಬೆರಳು ಮಾತ್ರ ಆ ಕಡೆ ಹೊರಳಲಿಲ್ಲ.

"ಒದಿಯೋ ಬಟನ್ ಹೊಸಾದು ಹಾಕಸೀನಲ್ಲೋ, ಒಂದ್ಸಲ ಒತ್ತಿ ನೋಡು" ಎಂದು ಕಾಶೆಪ್ಪ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಅದು ಇಲ್ದೇನೇ ನಡೀಲತದ ಕಾಕಾ" ಎಂದು ಕೈಲಾಸ ಉತ್ತರಿಸಿದ್ದ.

ನಡೆಯುತ್ತಲೂ ಇತ್ತು. ಎದುರಿನವನು ಯಾವಾಗ ಹಾರುತ್ತಾನೆ, ಹಾರಿದವನು ಎಲ್ಲಿ ಇಳಿಯುತ್ತಾನೆ ಎಂಬುದನ್ನು ಅವನು ನಮ್ಮೂರಿನ ರೈತ ಎತ್ತಿನ ಕಣ್ಣು ನೋಡಿ ಅದರ ಹಟವನ್ನು ಹೇಳುವ ಹಾಗೆ ಹೇಳುತ್ತಿದ್ದ. ಪೈಲ್ವಾನನನ್ನು ಅಲ್ಲಾಡಿಸದೆ ನಿಲ್ಲಿಸಿ, ಎದುರಿನವನೇ ಬೇಸತ್ತು ಮೈಮೇಲೆ ಬರುವವರೆಗೆ ಕಾದು, ಬಂದ ಕೂಡಲೆ ಹಿಡಿಯುತ್ತಿದ್ದ. ನಾನು ನಾಲ್ಕೈದು ಜನರನ್ನು ಅಷ್ಟಿಷ್ಟು ಕಲಿತಿದ್ದೆ. ಯಾರನ್ನು ಹಿಡಿದರೂ ಅವನ ಮುಂದೆ ಸೋಲು ಒಂದೇ ಬಗೆಯದಾಗಿತ್ತು. ವಿಶ್ವನಾಥಪ್ಪನವರಿಗೆ ಈ ಸುದ್ದಿ ಮುಟ್ಟಿದಾಗ ಅವರು ಆಟಕ್ಕಾಗಿ ಸಿಟ್ಟಾಗಲಿಲ್ಲವಂತೆ. "ಎಂಟ ಮಂದಿ ಅದಾರಂದ್ರ ಎಂಟೂ ಮಂದಿಗ ಕಲೀಬೇಕಪಾ. ಒಂದ ಮಾಲ ಇಟಗೊಂಡು ಕುಂತಾಂವಾ ಎಂಥಾ ವ್ಯಾಪಾರಿ?" ಎಂದಿದ್ದರಂತೆ.

ವ್ಯಾಪಾರಿಯ ಮಾತು ವ್ಯಾಪಾರಿಯಂತೆಯೇ ನಿಜವಾಯಿತು. ಸೋಲುವುದಕ್ಕೆಂದೇ ಯಾರು ಬಂದಾರು? ದಸರೆಯ ಹೊತ್ತಿಗೆ ಮೂರನೆಯ ಯಂತ್ರದ ಮುಂದೆ ಕೈಲಾಸನೊಬ್ಬನೇ ನಿಂತಿರುತ್ತಿದ್ದ. ಒಂದು ದಿನ ಕಾಶೆಪ್ಪ ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕಕ್ಕೆ ಬಂದು ಕೂತ.

"ನೋಡು ಸಾವಕಾರ, ನಿನ್ನ ಪೈಲ್ವಾನ ನನ್ನ ದುಕಾನಕ್ಕ ಕೀಲಿ ಹಾಕಸ್ತಾನ. ನಾ ಹೈದರಾಬಾದಲಿಂದ ಹೊಸಾ ಬೋರ್ಡ್ ತರಸ್ತೀನಿ, ವಿಮಾನದ್ದು."

ಬೋರ್ಡ್ ಎಂದರೆ ಆಟವೆಲ್ಲ ಅಡಗಿರುವ ಹಲಗೆ. ಅದನ್ನು ತೆಗೆದು ಬೇರೆಯದನ್ನು ಕೂಡಿಸಿದರೆ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ. ಹಳೆಯದರ ಎಂಟು ಜನರಲ್ಲಿ ಒಬ್ಬನೂ ಉಳಿಯುವುದಿಲ್ಲ. ಕೈಲಾಸನ ಕೈ ಹಿಡಿಕೆಯ ಮೇಲೆಯೇ ನಿಂತಿತು.

"ಬ್ಯಾಡ್ರಿ ಕಾಕಾ."

"ಹಂಗಾರ ಒಂದ ಮಾತ ಕೇಳು. ದೀಪಾವಳಿ ತನಾ ಅಂವಗ ಮುಟ್ಟಬ್ಯಾಡ. ಬ್ಯಾರೇದವ್ರಿಗ ಹಿಡಿ, ಸೋಲು, ಮಂದಿ ಬರ್ಲಿ. ಮಂದಿ ಬಂದ್ರ ಬೋರ್ಡ್ ಇರ್ತದ. ಇಲ್ಲಾಂದ್ರ ಹೋಯ್ತು."

"ಅಂವಾ ಉಳೀಬೇಕಂದ್ರ ನಾ ಅಂವಗ ಬಿಡಬೇಕೇನ್ರಿ?"

"ಹೌದು. ಲಗ್ನಾ ಮಾಡಿ ಕೊಟ್ಟ ಮಗಳು ಅಂತ ತಿಳ್ಕೋ. ಹಬ್ಬಕ್ಕ ಬರ್ತಾಳ."

ಕೈಲಾಸ ಒಪ್ಪಿದ. ಮರುದಿನದಿಂದ ಅವನು ಮಾಸ್ತರನನ್ನು ಹಿಡಿದ, ಫೌಜಿಯನ್ನು ಹಿಡಿದ, ಪರಿಯನ್ನೂ ಹಿಡಿದ. ಒದೆಯುವ ಗುಂಡಿಯನ್ನು ಆಗ ಮೊದಲ ಸಲ ಮುಟ್ಟಿದ. ಎಲ್ಲರನ್ನೂ ಪೈಲ್ವಾನನಂತೆಯೇ ನಿಲ್ಲಿಸುತ್ತಿದ್ದುದರಿಂದ ಎಲ್ಲರೂ ನಿಂತಲ್ಲೇ ಏಟು ತಿನ್ನುತ್ತಿದ್ದರು. ಸುದ್ದಿ ಹಬ್ಬಿತು. ಹಿಂದೆ ಅವನೆದುರು ಸೋತಿದ್ದವರೆಲ್ಲ ಸಾಲಾಗಿ ಬಂದರು. "ಸಾವಕಾರ್ರ ಅಂಗಡ್ಯಾಗ ಇವತ್ತ ಸೇಲ್ ಅದ, ಬರ್ರಿ ಬರ್ರಿ" ಎಂದು ಕೂಗುವವರು ಬೇರೆ. ಬರಿಗಾಲಲ್ಲಿ ನಿಂತು, ಹಿಡಿಕೆ ಒರೆಸಿ, ಅವನು ಸೋಲುತ್ತಿದ್ದ. ಸೋತು ಪಕ್ಕಕ್ಕೆ ಸರಿದಾಗಲೆಲ್ಲ, ಮುಂದಿನ ಇಬ್ಬರು ಯಾರನ್ನು ಆರಿಸುತ್ತಾರೆಂದು ನೋಡುತ್ತಿದ್ದ. ಪೈಲ್ವಾನನನ್ನು ಯಾರೂ ಆರಿಸುತ್ತಿರಲಿಲ್ಲ. ಅದರಿಂದ ಅವನಿಗೆ ಸಮಾಧಾನವಾಗುತ್ತಿತ್ತೋ ಸಂಕಟವೋ, ಮುಖದಿಂದ ಹೇಳುವುದು ಕಷ್ಟವಾಗಿತ್ತು.

ದೀಪಾವಳಿಯ ಪಾಡ್ಯದಂದು ಉಮಾಕಾಂತ ಬಂದ. ಉಮರ್ಗಾದವನು, ಹಬ್ಬಕ್ಕೆ ಉದಗೀರಿನ ಅಕ್ಕನ ಮನೆಗೆ ಬಂದಿದ್ದ. ಎಂಟೂ ಜನರನ್ನು ಬಲ್ಲವನೆಂದು ಅವನ ಹೆಸರು ಮೊದಲೇ ಇಲ್ಲಿಯವರೆಗೆ ತಲುಪಿತ್ತು. ಬಾಯಲ್ಲಿ ಎಲೆ, ಕಾಲಲ್ಲಿ ಹೊಸ ಬೂಟು, ನಿಂತಲ್ಲಿ ನಿಲ್ಲದ ಮೈ. ಕೈಲಾಸನನ್ನು ಮೇಲಿಂದ ಕೆಳಗೆ ನೋಡಿ, ಬರಿಗಾಲಿನ ಬಳಿ ಕಣ್ಣು ನಿಲ್ಲಿಸಿ, ಪೈಲ್ವಾನನನ್ನೇ ಆರಿಸಿದ.

"ಇಂವಗ ನಿಮ್ಮೂರಾಗ ಯಾರೂ ಮುಟ್ಟಂಗಿಲ್ಲಂತಲ್ಲ. ಸೋವಳ್ಯಾಗ ಇಟ್ಟೀರೇನು?" ಎಂದ. ಮಡಿಯಲ್ಲಿಟ್ಟಿದ್ದೀರಾ ಎಂದು ಅದರರ್ಥ. ಗುಂಪು ನಕ್ಕಿತು.

ಕೈಲಾಸ ಮಾಸ್ತರನನ್ನು ತೆಗೆದುಕೊಂಡ. ತಾನೇ ಸಾಕಿದ ಪೈಲ್ವಾನನನ್ನು ಅವನು ಎದುರಿನಿಂದ ಕಂಡದ್ದು ಅಂದೇ ಮೊದಲು. ಮೊದಲನೆಯ ಸುತ್ತನ್ನು ಗೆದ್ದ. ಪೈಲ್ವಾನನ ಕೈ ಎಷ್ಟು ದೂರ ಚಾಚುತ್ತದೆಂದು ಅವನಷ್ಟು ಬಲ್ಲವರಿರಲಿಲ್ಲ, ಅಷ್ಟರಾಚೆ ನಿಂತು ಕೋಲಿನಿಂದ ಬಡಿದ. ಎರಡನೆಯ ಸುತ್ತಿನಲ್ಲಿ ಉಮಾಕಾಂತ ಹೇಗೋ ಸಮೀಪಿಸಿ ಹಿಡಿದ. ಹಿಡಿದವನು ಎತ್ತಿ ಒಗೆಯುತ್ತಾನೆ, ಒಗೆಯುವ ಮುನ್ನ ಬಿಡಿಸಿಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ಕೈಲಾಸ ಆ ಗಳಿಗೆಗಾಗಿ ಕಾದ. ಅದು ಬರಲೇ ಇಲ್ಲ. ಪೈಲ್ವಾನ ಹಿಡಿದುಕೊಂಡಿದ್ದ ಹಾಗೆಯೇ ತನ್ನ ದಪ್ಪ ಕಾಲನ್ನು ಮಾಸ್ತರನ ಕಾಲಿಗೆ ಸುತ್ತಿ, ಅವನನ್ನು ಬುಡಸಮೇತ ನೆಲಕ್ಕೆ ಕೆಡವಿದ. ಹಿಡಿತದಲ್ಲಿರುವಾಗ ಒದೆಯುವ ಗುಂಡಿಯನ್ನು ಒತ್ತಬೇಕು, ಅಷ್ಟೆ. ಮೂರನೆಯ ಸುತ್ತೂ ಅದರಲ್ಲೇ ಮುಗಿಯಿತು.

"ಪೈಲ್ವಾನಗ ಕಾಲ ಇರ್ತಾವ್ರೀ ಸಾವಕಾರ" ಎಂದ ಉಮಾಕಾಂತ. "ಕುಸ್ತಿ ನೋಡೇ ಇಲ್ಲೇನು ಜಲ್ಮದಾಗ?"

ನೋಡಿರಲಿಲ್ಲ. ಕಾಳುಕಡಿಯ ಮನೆಯ ಮಗ ಕುಸ್ತಿಯ ಕಣದ ಕಡೆಗೆ ಹೋದವನೇ ಅಲ್ಲ. ಪತ್ರಾ ಅಲುಗುವಂತೆ ಎಲ್ಲರೂ ನಗುತ್ತಿರುವಾಗ ಕೈಲಾಸ ಮುಖ ಎತ್ತದೆ, "ಇನ್ನೊಮ್ಮೆ ಆಡ್ರಿ" ಎಂದ.

"ಮತ್ತ ಸೋಲ್ತಿ ನೋಡು."

"ಸೋಲ್ತೀನಿ. ನನಗ ನೋಡೋದದ."

ಆಮೇಲಿನದು ಆಟವೆನಿಸಿಕೊಳ್ಳುವಂತಿರಲಿಲ್ಲ. ಕೈಲಾಸ ಮಾಸ್ತರನನ್ನು ನೇರವಾಗಿ ಪೈಲ್ವಾನನ ತೋಳಿನೊಳಗೆ ನಡೆಸಿಕೊಂಡು ಹೋಗುತ್ತಿದ್ದ. ಕಾಲು ಸುತ್ತುವುದನ್ನು, ಬೀಳುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಮತ್ತೆ ಎದ್ದು ಹೋಗುತ್ತಿದ್ದ. ನಗು ತಾನಾಗಿ ನಿಂತಿತು. ಕೊನೆಗೆ ಉಮಾಕಾಂತನೇ ಹಿಡಿಕೆ ಬಿಟ್ಟು, "ಪುರೇ ಬಾಬಾ, ಸಾಕಪಾ, ನನಗೇ ಸಂಕ್ಟ ಆಗ್ಲತದ" ಎಂದು ಹೊರಗೆ ಹೋಗಿ ಎಲೆ ಉಗುಳಿದ.

ಕಾಶೆಪ್ಪ ಮಾತಿಗೆ ತಪ್ಪುವವನಲ್ಲ. "ಬೋರ್ಡ್ ಇರ್ತದ. ನಿನ್ನ ಪೈಲ್ವಾನಗ ನೀ ತಗೋ" ಎಂದ. ಕೈಲಾಸ ತೆಗೆದುಕೊಂಡ, ಮತ್ತು ಅಂದಿನಿಂದ ಪೈಲ್ವಾನನನ್ನು ಆಡಿಸುತ್ತಲೇ ಸೋಲತೊಡಗಿದ. ಹಳೆಯ ಹಿಡಿತಗಳೆಲ್ಲ ಕೈಯಲ್ಲಿದ್ದವು. ಅವುಗಳ ನಡುವೆ ಎಲ್ಲೆಂದರಲ್ಲಿ ಆ ಕಾಲನ್ನು ತುರುಕಲು ಹೋಗಿ ಎಲ್ಲವನ್ನೂ ಕೆಡಿಸಿಕೊಳ್ಳುತ್ತಿದ್ದ. ನಿನ್ನೆ ಮೊನ್ನೆ ಆಟ ಕಲಿತವರೂ ಅವನನ್ನು ಕೆಡವುತ್ತಿದ್ದರು. ಗುಂಪು ಕರಗಲೇ ಇಲ್ಲವಾದ್ದರಿಂದ ಕಾಶೆಪ್ಪ ಸಂತುಷ್ಟನಾಗಿದ್ದ.

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಾನು ಅವನನ್ನು ಕೇಳಿದೆ: ಹೇಗೂ ಮಾಸ್ತರನೂ ಫೌಜಿಯೂ ಕೈಗೆ ಸ್ವಲ್ಪ ಹತ್ತಿದ್ದರಲ್ಲ, ಅವರನ್ನೇ ಮುಂದುವರಿಸಬಹುದಿತ್ತಲ್ಲ? ಅವನು ತೋಳಿನ ಗುಂಡಿಯನ್ನು ಹಾಕಿಕೊಳ್ಳುತ್ತ ಹೇಳಿದ:

"ಒಬ್ಬಾಂವನೇ ಇನ್ನಾ ಪೂರಾ ಗೊತ್ತಾಗಿಲ್ಲೋ. ಎಂಟ ಮಂದಿಗ ಎಲ್ಲಿ ಹೋಗ್ಲಿ?"

ಎರಡು ವರ್ಷದ ನಂತರ ಒಂದು ಬೇಸಿಗೆಯಲ್ಲಿ ಬೋರ್ಡ್ ತಾನಾಗಿಯೇ ಸುಟ್ಟುಹೋಯಿತು. ಆ ಹೊತ್ತಿಗೂ ಆ ಕಾಲಿನ ಪಟ್ಟು ತನಗೆ ಪೂರ್ತಿ ಕೂಡಿಬಂದಿರಲಿಲ್ಲವೆಂದು ಕೈಲಾಸ ಹೇಳುತ್ತಿದ್ದ. ನಮಗೆ ನೋಡುವವರಿಗೆ ಅದು ಎಂದೋ ಕೂಡಿದಂತೆ ಕಾಣುತ್ತಿತ್ತು.

ಒಂದನ್ನೇ ಹಿಡಿದವರನ್ನು ನಾವು ಹಟಮಾರಿಗಳೆಂದೋ ಅಂಜುಬುರುಕರೆಂದೋ ಕರೆದು ಮುಂದೆ ಹೋಗುತ್ತೇವೆ. ಅವರು ಅನೇಕ ಸಲ ಹಾಗೆ ಇರುವುದೂ ಉಂಟು. ಕೆಟ್ಟ ಗುಂಡಿಯೊಂದರ ದೆಸೆಯಿಂದ ಹುಟ್ಟಿದ ರೂಢಿಯನ್ನು ನಿಷ್ಠೆಯೆಂದು ತಿಳಿದು ವರ್ಷಗಳನ್ನು ಕಳೆದಿರುತ್ತಾರೆ. ಆದರೆ ತಾವು ಬಲ್ಲೆವೆಂದುಕೊಂಡದ್ದು ಅರ್ಧವೇ ಎಂದು ತಿಳಿದ ದಿನ ಇಂಥವರ ನಿಜವಾದ ಪರೀಕ್ಷೆ. ಹಲವನ್ನು ಬಲ್ಲವನಿಗೆ ಆಗ ಹೋಗಲು ಬೇರೆ ಬಾಗಿಲುಗಳಿರುತ್ತವೆ, ಅವನು ಹೋಗುತ್ತಾನೆ, ಅದು ತಪ್ಪೂ ಅಲ್ಲ. ಒಂದನ್ನೇ ಹಿಡಿದವನು ನಾಚಿಕೆಯನ್ನು ನುಂಗಿಕೊಂಡು ಅದೇ ಬಾಗಿಲಲ್ಲಿ ಮತ್ತೆ ಮೊದಲಿನಿಂದ ಚಪ್ಪಲಿ ಬಿಡುತ್ತಾನೆ.

ವಿಶ್ವನಾಥಪ್ಪನವರು ಈಗಿಲ್ಲ. ಕೈಲಾಸ ಕಾಸಾರಶಿರಸಿಯಲ್ಲಿ ಅವರ ಗಾದಿಯ ಮೇಲೆ ಕೂತು ಅರಿವೆ, ಕಿರಾಣಿ, ಕಾಳುಕಡಿ ಮೂರನ್ನೂ ಮಾರುತ್ತಾನೆ.