ಆರನೇ ನಂಬರಿನ ಬೀದಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಚಳ್ಳಕೆರೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಸಂಜೆ ಕಾಲೇಜಿನಲ್ಲಿ ಓದಿದವನು. ಇಂಥ ವಿಷಯ ಹೇಳಲು ನನಗಿಂತ ತಿಳಿದವರು ಬೇಕಾದಷ್ಟಿದ್ದಾರೆ. ಆದರೆ ನಾನು ಧನ್ಯವಾದ ಹೇಳಬೇಕಾದವರೊಬ್ಬರಿದ್ದಾರೆ. ಅವರು ಎಲ್ಲಿಯವರೆಂದು ಗೊತ್ತಿಲ್ಲದ್ದರಿಂದ ಹೀಗೆ ಎಲ್ಲರೆದುರು ಹೇಳುತ್ತಿದ್ದೇನೆ.

ಮೊಳಕಾಲ್ಮುರುವಿನಲ್ಲಿ ಬುಡೇನ್ ಸಾಬ್ ಎಂಬ ಸ್ಕೂಟರ್ ಮೆಕ್ಯಾನಿಕ್ ಇದ್ದಾರೆ. ತಮ್ಮ ಬೀದಿಯ ಮನೆಗಳಿಗೆ ಇಂಟರ್‌ನೆಟ್ ವೈರ್ ಎಳೆದು ವೈಫೈ ಪೆಟ್ಟಿಗೆ ಕೂರಿಸಿಕೊಡುವವರೂ ಅವರೇ. ಅವರ ಸ್ವಂತ ಮನೆಗೆ ಮಾತ್ರ ನಾನು ಒಂದು ಹಳೆಯ ಪುಟ್ಟ ಕಂಪ್ಯೂಟರಿಗೆ ವೈಫೈ ಅಡಾಪ್ಟರ್ ಚುಚ್ಚಿ, ಎದುರಿನ ಗ್ಯಾರೇಜಿಗೂ ಸಿಗಲೆಂದು ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿಕೊಟ್ಟಿದ್ದೆ. ವೈಫೈ ಹರಿಯುವ ದಾರಿಗಳಿಗೆ ಚಾನೆಲ್ ಎಂದು ನಂಬರುಗಳಿರುತ್ತವೆ. ‘ಚಾನೆಲ್ ಆರು ಹಾಕು’ ಎಂದಿದ್ದರು. ಹಾಕಿದ್ದೆ.

ಅವರ ಮೊಮ್ಮಗಳು ಅಫ್ಷಾ ಹುಟ್ಟಿನಿಂದ ಕಿವಿ ಕೇಳದವಳು. ಆಪರೇಷನ್ ಮಾಡಿಸಿ ಕಿವಿಗೆ ಯಂತ್ರ ಕೂರಿಸಿದ ಮೇಲೆ, ಮೈಸೂರಿನಿಂದ ಸ್ವಪ್ನ ಮೇಡಂ ಎಂಬುವವರು ಸಂಜೆ ವೀಡಿಯೊದಲ್ಲಿ ಮಾತು ಕಲಿಸುತ್ತಿದ್ದರು. ಆ ಪಾಠ ನಡುನಡುವೆ ಕಡಿದು ಹೋಗತೊಡಗಿತು. ಮೇಡಂ ಬೇಸರದಿಂದಲ್ಲ, ಮೆತ್ತಗೇ ಹೇಳಿದರಂತೆ: ಅರ್ಧ ಶಬ್ದ ಕೇಳಿಸಿಕೊಂಡ ಮಗು ಅರ್ಧ ಶಬ್ದವನ್ನೇ ಕಲಿಯುತ್ತದೆ. ಈ ವಾರವೂ ಹೀಗೇ ಆದರೆ ಈ ಹೊತ್ತನ್ನು ಬೇರೆ ಮಗುವಿಗೆ ಕೊಡಬೇಕಾಗುತ್ತದೆ.

ಹುಡುಗಿಯ ತಾಯಿ ಶಬಾನಾ ಫೋನ್ ಮಾಡಿ ಇದನ್ನೆಲ್ಲ ಹೇಳಿದಳು. ನನ್ನದೇ ಕೆಲಸ ಕೆಟ್ಟಿರಬೇಕು ಎಂದುಕೊಂಡೆ. ಬಸ್ ಹತ್ತಿ ಹೋಗಿ ವೈರ್ ಬದಲಿಸಿದೆ, ಆಂಟೆನಾ ತಿರುಗಿಸಿದೆ. ಹಗಲಲ್ಲಿ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಅದು ರೇಷ್ಮೆ ಸೀರೆ ನೇಯುವವರ ಬೀದಿ. ಮಗ್ಗದ ಸದ್ದು ನಿಂತ ಮೇಲೆ ಮನೆಮನೆಯ ವೈಫೈ ಪೆಟ್ಟಿಗೆಗಳು ಚಾಲೂ ಆಗುತ್ತವೆ. ಪಾಠವೂ ಆಗಲೇ. ಹಾಗಾದರೆ ಸುತ್ತಲಿನ ವೈಫೈಗಳು ಯಾವ ಚಾನೆಲ್ಲಿನಲ್ಲಿ ಅಡ್ಡ ಬರುತ್ತಿವೆ ಎಂದು ನಮ್ಮ ಆಂಟೆನಾ ಆ ಹೊತ್ತಿನಲ್ಲೇ ಕೇಳಿಸಿಕೊಂಡು ಹೇಳಬೇಕು. ಕೆಳಗೆ ನನ್ನ ಫೋನಿನಲ್ಲಿ ಬರೀ ಹೆಸರುಗಳು ಕಾಣುತ್ತಿದ್ದವು, ಯಾವುದು ಯಾವ ಚಾನೆಲ್ ಎಂದು ಕಾಣುತ್ತಿರಲಿಲ್ಲ.

ತೊಡಕು ಅಲ್ಲೇ ಇತ್ತು. ಆ ಅಡಾಪ್ಟರನ್ನು ನಡೆಸುವ ಡ್ರೈವರ್, ಅಂದರೆ ಅದರ ತಂತ್ರಾಂಶ, ವೈಫೈ ಕೊಡುತ್ತಿರುವಾಗ ಸುತ್ತಮುತ್ತ ಹುಡುಕಲು ಒಪ್ಪುತ್ತಿರಲಿಲ್ಲ. ಹುಡುಕಬೇಕಾದರೆ ಕೊಡುವುದನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಪಾಠ ನಿಲ್ಲುತ್ತದೆ.

ಅದೇ ಅಡಾಪ್ಟರ್ ಇಟ್ಟುಕೊಂಡವರು ಬರೆಯುವ ಒಂದು ಜಾಲತಾಣದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಮಗುವಿನ ವಿಷಯವನ್ನೂ ಬರೆದೆ; ಬರೆದ ಮೇಲೆ ಅತಿಯಾಯಿತೇನೋ ಎಂದು ನಾಚಿಕೆಯಾಯಿತು. ಮರುದಿನ ಯಾರೋ ಒಬ್ಬರು ಆ ಡ್ರೈವರನ್ನು ತಿದ್ದಿ ಕಳಿಸಿದ್ದರು. ಇನ್ನು ಮುಂದೆ ಅದು ಒಂದೊಂದೇ ಚಾನೆಲ್ಲಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಇಣುಕಿ, ತನ್ನ ಜಾಗಕ್ಕೆ ಮರಳುತ್ತದಂತೆ. ಪಾಠ ಕಡಿಯದಿರಬಹುದು, ಖಾತರಿ ಇಲ್ಲ, ಎಂದೂ ಬರೆದಿದ್ದರು.

ಮಧ್ಯಾಹ್ನವೇ ಹೋಗಿ ಅದನ್ನು ಹಾಕಿದೆ. ಸಂಜೆ ಪಾಠ ಶುರುವಾಯಿತು. ನನ್ನ ಬೆರಳು ಲ್ಯಾಪ್‌ಟಾಪಿನಲ್ಲಿ ಹುಡುಕಾಟ ಶುರುಮಾಡುವ ಕೀಲಿಯ ಮೇಲೇ ನಿಂತಿತ್ತು.

“ಇವತ್ತೂ ಕಟ್ ಆದ್ರೆ ಮುಗೀತು, ಭಯ್ಯಾ,” ಎಂದಳು ಶಬಾನಾ ಪಿಸುದನಿಯಲ್ಲಿ.

“ಬ್ಯಾಡ ಅಂದ್ರೆ ಬಿಡ್ತೀನಮ್ಮ.”

“ಬಿಟ್ರೂ ಕಟ್ ಆಗೋದೇ ಅಲ್ವಾ? ಒತ್ತಿ.”

ಒತ್ತಿದೆ. ವೀಡಿಯೊದಲ್ಲಿ ಮೇಡಂ ಮುಖ ಒಂದು ಕ್ಷಣ ನಿಂತು ಮತ್ತೆ ಅಲುಗಿತು. ಮಾತು ಕಡಿಯಲಿಲ್ಲ. ನನ್ನ ಪರದೆಯ ಮೇಲೆ ಬೀದಿಯ ಮನೆಗಳೆಲ್ಲ ಸಾಲಾಗಿ ಬಂದು ನಿಂತವು. ಪ್ರತಿಯೊಂದರ ಮುಂದೆಯೂ ಆರು.

“ಸಾಬ್ರೇ, ಇದೇನಿದು? ಎಲ್ಲರದ್ದೂ ಆರು ಐತೆ.”

“ಇರ್ಲೇಬೇಕು. ನಾನೇ ಹಾಕಿದ್ದು,” ಎಂದರು ಬುಡೇನ್ ಸಾಬ್, ಹೆಮ್ಮೆಯಿಂದಲೇ. “ಒಬ್ರಿಗೆ ಒಂದು, ಇನ್ನೊಬ್ರಿಗೆ ಹನ್ನೊಂದು ಕೊಟ್ಟೆ ಅಂದ್ಕೋ. ಆ ಕಡೆ ಮನೆ ಯರ್ರಪ್ಪ ಬಂದು, ಅವ್ನಿಗೆ ಜಾಸ್ತಿ ಕೊಟ್ಟೀಯಲ್ಲೋ ಸಾಬಾ ಅಂತಾನೆ. ನಮ್ಮನೆಗೂ ಅದೇ ಹಾಕ್ಸಿದೀನಿ. ಯಾರಿಗೂ ಮೋಸ ಇಲ್ಲ.”

ಎಲ್ಲರೂ ಒಂದೇ ಚಾನೆಲ್ಲಿನಲ್ಲಿ ಒಟ್ಟಿಗೆ ಮಾತಾಡಿದರೆ ಯಾರದ್ದೂ ಕೇಳುವುದಿಲ್ಲ, ಒಂದಕ್ಕೊಂದು ಅಡ್ಡ ಬರದ ಒಂದು, ಆರು, ಹನ್ನೊಂದನ್ನು ಹಂಚಿದರೆ ಸಾಕು ಎಂದೆ. ಅವರು ಗಡ್ಡ ಕೆರೆದುಕೊಂಡರು. ಹಂಚಿದರೆ ಜಗಳ ಗ್ಯಾರಂಟಿ ಎಂಬುದೇ ಅವರ ಚಿಂತೆ.

ಒಲೆಯ ಮುಂದಿದ್ದ ಅವರ ಹೆಂಡತಿ ಮದರ್ ಬೀ ತಿರುಗಿಯೂ ನೋಡದೆ ಹೇಳಿದರು: “ನಲ್ಲಿ ನೀರಿಗೆ ಪಾಳಿ ಇಲ್ವೇನ್ರೀ? ಆ ಕಡೆ ಮನೆಯಿಂದ ಸಾಲಾಗಿ ಕೊಡ್ತಾ ಬರ್ರಿ. ಪಾಳಿ ಅಂದ್ರೆ ಯಾರೂ ಜಗಳ ಆಡಲ್ಲ.”

ಮರುದಿನ ಹಾಗೇ ಮಾಡಿದೆವು. ಯರ್ರಪ್ಪನವರಿಗೆ ಒಂದು ಬಂತು.

“ನಂಗ್ ಬರೀ ಒಂದಾ?”

“ಮೊದಲ್ನೇ ನಂಬರ್ ಕೊಟ್ಟೀನಲ್ಲೋ ನಿಂಗೆ,” ಎಂದರು ಸಾಬರು. ಯರ್ರಪ್ಪ ಮೀಸೆ ತಿರುವಿಕೊಂಡು ಒಳಗೆ ಹೋದರು.

ಆ ಸಂಜೆ ಪಾಠ ಕೊನೆಯವರೆಗೂ ನಡೆಯಿತು. ಮೇಡಂ ಬಾಯಿಗೆ ಕಾಗದ ಅಡ್ಡ ಹಿಡಿದು, ತುಟಿ ಕಾಣದಂತೆ, “ಹೂವು” ಎಂದರು. ಅಫ್ಷಾ ಪರದೆಯ ಕಡೆಗೆ ಬಾಗಿದಳು. ಆಮೇಲೆ “ಹೂವು” ಎಂದಳು, ಪೂರ್ತಿಯಾಗಿ. ಅವಳ ಹೊತ್ತು ಅವಳಿಗೇ ಉಳಿಯಿತು. ಬುಡೇನ್ ಸಾಬ್ ಎಣ್ಣೆ ಮೆತ್ತಿದ ಕೈಯನ್ನು ನನ್ನ ಹೆಗಲ ಮೇಲಿಟ್ಟರು. ಆ ಅಂಗಿಯ ಕಲೆ ಹೋಗಿಲ್ಲ, ನಾನು ಉಜ್ಜಿಯೂ ಇಲ್ಲ.

ಡ್ರೈವರ್ ತಿದ್ದಿಕೊಟ್ಟವರಿಗೆ ನಡೆದದ್ದನ್ನು ಬರೆದು ತಿಳಿಸಿದೆ. ‘ಸಂತೋಷ’ ಎಂದಷ್ಟೇ ಉತ್ತರ ಬಂತು. ಅವರು ಗಂಡೋ ಹೆಣ್ಣೋ, ಯಾವ ದೇಶದವರೋ ನನಗೆ ಗೊತ್ತಿಲ್ಲ. ಡ್ರೈವರ್ ಬರೆದವರು ಹುಡುಕಾಟದ ಆ ಬಾಗಿಲನ್ನು ಮೊದಲು ಯಾಕೆ ಮುಚ್ಚಿಟ್ಟಿದ್ದರು ಎಂಬುದೂ ಗೊತ್ತಿಲ್ಲ. ಮುಂದಿನ ಅಪ್‌ಡೇಟ್ ಬಂದಾಗ ಆ ತಿದ್ದುಪಡಿ ಉಳಿಯುತ್ತದೆಯೋ ಇಲ್ಲವೋ, ಅದೂ ಗೊತ್ತಿಲ್ಲ.