ತೊಳೆಯದ ಕಡ್ಡಿ

ಸೊಸೆಗೆ ಎಲ್ಲ ಬರುತ್ತಿತ್ತು, ತೊಳೆದು ಎತ್ತಿಡುವುದೊಂದು ಬಿಟ್ಟು. ಅವಳು ಚಹಾ ಕಲಕಿದ ಚಮಚ ಕಿಟಕಿಯ ಕಟ್ಟೆಯ ಮೇಲೇ ಒಣಗುತ್ತಿತ್ತು. ಅದಕ್ಕೆ ಮೋಕ್ಷ ಯಾವಾಗ ಎಂದು ದಿನಕ್ಕೊಮ್ಮೆ ಕೇಳದಿದ್ದರೆ ಅತ್ತೆಗೆ ತಿಂದದ್ದು ಅರಗುತ್ತಿರಲಿಲ್ಲ. ಹಾಗಂತ ಕೆಟ್ಟವರೇ? ಛೆ! ಮಗುವನ್ನು ತಾವು ಸೊಂಟಕ್ಕೇರಿಸಿಕೊಂಡು, ಮದುವೆಯಿಂದಾಗಿ ಅರ್ಧಕ್ಕೆ ನಿಂತ ಓದು ಮುಗಿಸಿ ಬಾ ಎಂದು ಸೊಸೆಯನ್ನು ಕಾಲೇಜಿಗೆ ಅಟ್ಟಿದವರೇ ಅವರು.

ರಸಾಯನಶಾಸ್ತ್ರದ ಪ್ರಯೋಗ ಪರೀಕ್ಷೆಯಲ್ಲಿ ಸೊಸೆ ಎರಡು ಸಲ ಮುಗ್ಗರಿಸಿದ್ದಳು. ಇದು ಕೊನೆಯ ಅವಕಾಶ. ತಪ್ಪಿದರೆ ಪದವಿಯ ಆಸೆಗೆ ಕೈಮುಗಿಯಬೇಕು. ಆದರೆ ಗಾಬರಿ ಅಂದರೆ ಅವಳಿಗೆ ಪಕ್ಕದ ಮನೆಯವರ ಸಮಾಚಾರ.

ಪರೀಕ್ಷೆಯ ದಿನ ಕೈಗೆ ಬಂದದ್ದು ಅಸಿಟನಿಲೈಡ್ ಎಂಬ ಪುಡಿ, ಕೊಳೆ ಸೇರಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಬಿಳಿ ಹರಳು ಮಾಡಿ ಒಪ್ಪಿಸಬೇಕು. ಕುದಿಯುವ ನೀರಲ್ಲಿ ಕರಗಿಸಿದಳು, ಬಣ್ಣ ಹೀರಲೆಂದು ಇದ್ದಿಲ ಪುಡಿ ಹಾಕಿದಳು, ಬಿಸಿಯಿರುವಾಗಲೇ ಸೋಸಿದಳು. ಸೋಸಿ ಬಂದ ತಿಳಿಯನ್ನು ಗಾಜಿನ ಕಡ್ಡಿಯಿಂದ ಒಮ್ಮೆ ಕಲಕಿ, ಹುಟ್ಟುಗುಣ ಎಲ್ಲಿ ಹೋದೀತು, ಕಡ್ಡಿಯನ್ನು ತೊಳೆಯದೆ ಪಕ್ಕದ ಗಾಜಿನ ತಟ್ಟೆಯಲ್ಲಿಟ್ಟಳು. ಇನ್ನು ತಣಿದರೆ ಹರಳು ತಾನಾಗಿ ಮೂಡಬೇಕು.

ತಣಿಯಿತು. ಮೂಡಲಿಲ್ಲ. ಮಂಜುಗಡ್ಡೆಯಲ್ಲಿ ಕೂರಿಸಿದಳು, ಜಪ್ಪಯ್ಯ ಅಂದರೂ ಒಂದು ಹರಳಿಲ್ಲ. ಪರೀಕ್ಷಕಿ ಬಗ್ಗಿ ನೋಡಿ, ನೀರು ಜಾಸ್ತಿಯಾಗಿದೆ, ಈ ಸಲವೂ ಕೆಟ್ಟಿತು ಎಂದರು.

"ನೀರು ಸರಿಯಾಗೇ ಇದೆ ಮೇಡಂ. ಹರಳು ಒಳಗೇ ಕೂತಿದೆ. ಬರೋಕೆ ಒಂದು ನೆಪ ಬೇಕು, ಅಷ್ಟೆ."

ಹೇಳಿದ್ದೇನೋ ಹೇಳಿದಳು. ನೆಪ ಎಲ್ಲಿಂದ ತರುವುದು? ಕಣ್ಣು ಆ ಕಡ್ಡಿಯ ಮೇಲೆ ಬಿತ್ತು. ಅದರ ತುದಿಯಲ್ಲಿ ಒಣಗಿದ ತಿಳಿ ಬೆಳ್ಳಗೆ ಹರಳುಗಟ್ಟಿತ್ತು. ಆ ತುದಿಯನ್ನೇ ತಣಿದ ತಿಳಿಯಲ್ಲಿ ಅದ್ದಿದಳು. ತುದಿಯಲ್ಲೊಂದು ಸೂಜಿ ಚಿಗುರಿತು, ಪಕ್ಕದಲ್ಲಿನ್ನೊಂದು, ನೋಡನೋಡುತ್ತ ಬುಡದವರೆಗೂ ಹರಳೋ ಹರಳು. ಒಣಗಿಸಿ ಕರಗುವ ಬಿಸಿಯನ್ನು ಅಳೆದ ಪರೀಕ್ಷಕಿ, ಅಪ್ಪಟ ಎಂದು ಒಪ್ಪಿಕೊಂಡರು. ಪಾಸು.

ಮನೆಗೆ ಬಂದವಳು ಅಡುಗೆಮನೆಯಲ್ಲೇ ನಿಂತು ಎಲ್ಲ ಹೇಳಿದಳು. ಕಡ್ಡಿಯ ವಿಷಯ ಬಂದಾಗ, ಇನ್ನು ಮೇಲೆ ಚಮಚದ ಸುದ್ದಿ ಎತ್ತಬೇಡಿ ಎಂದು ಜಂಬವನ್ನೂ ಕೊಚ್ಚಿದಳು. ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡರು. ಆಗ ಸೊಸೆ ಕಿಟಕಿಯತ್ತ ನೋಡಿದಳು. ಬೆಳಗಿನ ಚಮಚ ಇನ್ನೂ ಅಲ್ಲೇ ಇತ್ತು. ಅತ್ತೆಯ ಅಡುಗೆಮನೆಯಲ್ಲಿ, ಅದೂ ಸಂಜೆಯವರೆಗೆ!

"ಮುಟ್ಟಲಿಲ್ಲ ಕಣೇ," ಎಂದರು ಅತ್ತೆ, ಮಗುವಿನ ತಲೆ ಸವರುತ್ತ. "ಹೋದ ಎರಡು ಸಲಾನೂ ನೀನು ಪರೀಕ್ಷೆಗೆ ಹೊರಟ ತಕ್ಷಣ ತೊಳೆದಿಟ್ಟಿದ್ದೆ. ಇವತ್ತು ಧೈರ್ಯ ಬರಲಿಲ್ಲ."

ಸೊಸೆಗೆ ನಗು ಬಂತು, ಕಣ್ಣೂ ತುಂಬಿತು. ಚಮಚ ಎತ್ತಿಕೊಂಡು ತಾನೇ ನಲ್ಲಿ ತಿರುಗಿಸಿದಳು.